ಕಾಕಾನ ಕಿಸೆಯ ಬ್ಯಾಟರಿ

ಹುಕ್ಕೇರಿಯ ಪೇಟೆಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯಿದೆ. ಬೆಸುಗೆ ಹಾಕಲು ಕಾಯಿಸಿದ ಕಬ್ಬಿಣವನ್ನು ಅಲ್ಲಿಯವನು ರಾಳಕ್ಕೆ ತಾಗಿಸಿದಾಗ ಏಳುವ ಹೊಗೆಗೆ ಹೆದರಿ ನಾನು ಬೇರೆ ಓಣಿಯಿಂದ ಮನೆಗೆ ಹೋಗುತ್ತೇನೆ. ನಿನ್ನೆ ಮರೆತು ಅದೇ ದಾರಿ ಹಿಡಿದೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾಗನೂರಿನ ನಮ್ಮ ಪಡಸಾಲೆ, ಅದರ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿದ ಲಗಮಣ್ಣ ಕಾಕಾ, ಬಾಗಿಲಿಗೆ ಒರಗಿ ಅವನನ್ನು ಅಣಕಿಸುತ್ತಿದ್ದ ಗೌರವ್ವ ಕಾಕು, ಎಲ್ಲರೂ ಬಂದು ನಿಂತರು. ಇದನ್ನು ದಿನಚರಿಯಲ್ಲಿ ಈ ಮೊದಲು ಮೂರು ಸಲ ಬರೆದಿದ್ದೇನೆ. ಮೂರೂ ಒಂದೇ ತೆರನಾಗಿಲ್ಲ. ಓದುವ ನೀವೂ ಒಂದು ಮನೆಯನ್ನು ಕಳೆದುಕೊಂಡವರಾದರೆ ಇದು ಹೇಗಾಗುತ್ತದೆಂದು ನಿಮಗೆ ಗೊತ್ತು.

ಕಾಕಾ ನಮ್ಮ ಅಪ್ಪನ ತಮ್ಮ, ಕಾಕು ಅವನ ಹೆಂಡತಿ. ಕುರಿ, ಹೊಲ ಎರಡೂ ಇದ್ದ ಮನೆಯಿಂದ ಅವನೊಬ್ಬನೇ ಮೂಡಲಗಿಯ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದ. ಟಾರ್ಚಿಗೆ ನಮ್ಮ ಕಡೆ ಬ್ಯಾಟರಿಯೆಂದೇ ಹೆಸರು. ಆಗ ಊರಲ್ಲಿದ್ದವೆಲ್ಲ ಮೂರು ಸೆಲ್ಲಿನವು, ಲಟ್ಟಣಿಗೆಯಷ್ಟು ಉದ್ದ. ಕಾಕಾನಿಗೆ ಬೇಕಾಗಿದ್ದು ತಂಬಾಕಿನ ಚೀಲದಂತೆ ಸದಾ ಕಿಸೆಯಲ್ಲೇ ಇರುವಂಥದ್ದು. ಅದು ಎಲ್ಲೂ ಸಿಗುತ್ತಿರಲಿಲ್ಲವಾದ್ದರಿಂದ ತಾನೇ ಮಾಡಲು ಕುಳಿತ. ಅಂಗಡಿಯ ಕೆಟ್ಟ ಹವಾ ಪಂಪಿನ ಹಿತ್ತಾಳೆ ಕೊಳವೆಯನ್ನು ಗೇಣಿಗಿಂತ ಗಿಡ್ಡಗೆ ಕೊಯ್ದು ತಂದ. ಒಂದೇ ಸೆಲ್ಲು, ಅದು ಒಳಗೆ ಅಲುಗದಂತೆ ನನ್ನ ಹಳೆಯ ಅಂಕಲಿಪಿಯ ಹಾಳೆ ಸುತ್ತಿದ. ಹಿಂದೆ ಬ್ರೇಕಿನ ಸ್ಪ್ರಿಂಗು, ಮುಂದೆ ಗೋಕಾಕದ ಗಡಿಯಾರ ರಿಪೇರಿಯವನಲ್ಲಿ ಬೇಡಿ ತಂದ ಗಾಜು. ನಡುವೆ ಬಲ್ಬು ಸಿಕ್ಕಿಸಿ ಅದರ ಬೆಳಕನ್ನು ಕೂಡಿಸಲು ಬಟ್ಟಲಿನಂಥದ್ದು ಬೇಕಾದಾಗ ಅವನ ಕಣ್ಣು ಕಾಕುವಿನ ಕುಂಕುಮದ ಬಟ್ಟಲ ಮೇಲೆ ಬಿತ್ತು. ಅದು ಅವಳ ಲಗ್ನದಲ್ಲಿ ತವರಿನವರು ಕೊಟ್ಟದ್ದು.

“ತೂತ ಹೊಡದ್ರ ನಾ ಕುಂಕುಮ ಎಲ್ಲಿ ಇಡ್ಲಿರಿ?” ಎಂದಳು ಕಾಕು.

“ಡಬ್ಬ್ಯಾಗ ಇಡು. ಬಟ್ಟಲಾ ನನ್ನ ಕಿಸೇದಾಗ ಇರಲಿ. ಊರ ಮಂದಿ ಮುಂದ ಹೇಣ್ತಿನ್ನ ಕಿಸೇದಾಗ ಇಟ್ಕೊಂಡ ತಿರಗಾಕ ಬರೂದಿಲ್ಲಲ್ಲ.”

ಅವಳು ನಗುತ್ತ ಕೊಟ್ಟಳು. ಒಳಗೆ ಕಲಾಯಿ ಹಾಕಿಸಿ, ಅರಿವೆಯಿಂದ ತಿಕ್ಕಿ ತಿಕ್ಕಿ ಅದನ್ನು ಕನ್ನಡಿ ಮಾಡಿದ. ಹಾಡೇಹಗಲು ಕತ್ತಲಿರುತ್ತಿದ್ದ ಒಳಕೋಣೆಗೆ ನಮ್ಮನ್ನು ಕರೆದೊಯ್ದು ಗುಂಡಿ ಒತ್ತಿದಾಗ ಗೋಡೆಯ ಮೇಲೆ ಜೋಳದ ಭಕ್ಕರಿಯಷ್ಟು ಬೆಳಕು ಬಿತ್ತು. ಅದರ ಅಂಚು ಕೆಂಪಗಿತ್ತೆಂದು ನನ್ನ ನೆನಪು. ಕಲಾಯಿ ಹಾಕಿದ ಮೇಲೆ ಕುಂಕುಮ ಉಳಿಯುವುದು ಹೇಗೆ? ಆ ಕೆಂಪನ್ನು ಆಮೇಲೆ ನಾನೇ ಹಚ್ಚಿರಬೇಕು.

ನಮ್ಮ ಅಂಗಳದ ಕೆಳಗೆ ಜೋಳ ತುಂಬಿಡುವ ಹಗೇವು ಇತ್ತು, ಬಾವಿಯಂತೆ ತೋಡಿ ಬಾಯಿಗೆ ಕಲ್ಲು ಮುಚ್ಚಿದ್ದು. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದಕ್ಕೆ ಆಯಿ, ಅಂದರೆ ನಮ್ಮ ಅಜ್ಜಿ, ಕಲ್ಲು ತೆಗೆಸಿದ ಮೇಲೆ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದಳು. ತಳ ಮುಟ್ಟಿಯೂ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಕಂಬಳಿ ಬೀಸಿ ಗಾಳಿ ಆಡಿಸಿ ಕಾಯಬೇಕು. ಆ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಆಯಿ ಮಗಳನ್ನು ನೋಡಲು ಹತ್ತರಗಿಗೆ ಹೋಗಿದ್ದಳು, ಅಪ್ಪ ಕುರಿಗಳ ಹಿಂದೆ ಇದ್ದ. ಮಳೆ ಬರುವುದರೊಳಗೆ ಜೋಳ ತೆಗೆಯಬೇಕೆಂದು ಕಾಕಾ ಹಗೇವಿನ ಬಾಯಿ ತೆಗೆದ. ಕಂದೀಲಿನ ಗಾಜು ಒಡೆದಿತ್ತು. ಬರೀ ಚಿಮಣಿ ದೀಪವನ್ನು ಕಟ್ಟಿ ಎರಡು ಸಲ ಇಳಿಸಿದ. ಎರಡು ಸಲವೂ ಆರಿತು. ಅಂಗಳದಲ್ಲಿ ಆವತ್ತು ಬಿರುಗಾಳಿ. ಗಾಳಿಗೇ ಆರಿತೆಂದುಕೊಂಡೆವು.

“ಬ್ಯಾಟರಿ ಇಳಿಬಿಡು ಕಾಕಾ, ಅದು ಗಾಳಿಗೆ ಆರಂಗಿಲ್ಲ.”

ಈ ಮಾತು ನನ್ನದು. ನನ್ನ ಅವ್ವನನ್ನು ಎಷ್ಟೋ ಸಲ ಕೇಳಿದೆ. ಯಾರೂ ಏನೂ ಅನ್ನಲಿಲ್ಲ, ಅದು ಅವನಿಗೇ ಹೊಳೆದದ್ದು ಎನ್ನುತ್ತಾಳೆ. ಆದರೆ ನನ್ನ ಕಿವಿಯಲ್ಲಿರುವುದು ನನ್ನದೇ ದನಿ. ಕಾಕಾ ಬ್ಯಾಟರಿಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿದ. ಅದು ತಳ ಮುಟ್ಟಿತು, ಜೋಳ ಹಳದಿಯಾಗಿ ಹೊಳೆಯಿತು, ಬೆಳಕು ಕದಲಲಿಲ್ಲ. ಆಯಿ ಬರುವತನಕ ತಡೆಯಿರಿ ಎಂದು ಅವ್ವ ಒಮ್ಮೆ ಅಂದಳು.

“ನಮ್ಮವ್ವ ದೀಪಾ ಇಳಸ್ತಿದ್ಲು, ನಾನೂ ಇಳಿಸೇನ್ರಿ ವೈನಿ. ಉರ್ಯಾಕತ್ತೈತಿ ನೋಡ್ರಿ,” ಎಂದು ಅತ್ತಿಗೆಗೆ ಹೇಳಿ ಕಾಕಾ ಇಳಿದ.

ಕೆಳಗೆ ಬಗ್ಗಿ ಬ್ಯಾಟರಿ ಬಿಚ್ಚಿಕೊಂಡ. ಆಮೇಲೆ ದಣಿದವನಂತೆ ಕುಳಿತ, ಮೆಲ್ಲಗೆ ಜೋಳದ ಮೇಲೆ ಒರಗಿದ. ಹಗೇವಿನ ಬಾಯಿಯಲ್ಲಿ ಬಗ್ಗಿದ್ದ ಕಾಕು ನಕ್ಕು, “ಅಲ್ಲೇ ಮಲಗತೀರೇನ್ರಿ?” ಎಂದು ಕೇಳಿದಳು. ಬೆಳಕು ಅವನ ಕೆನ್ನೆಯ ಮೇಲಿತ್ತು. ಎರಡನೆಯ ಸಲ ಕರೆದಾಗ ಅವಳ ದನಿಯಲ್ಲಿ ನಗೆಯಿರಲಿಲ್ಲ.

ಓಣಿಯವರು ಓಡಿಬಂದು ಕಂಬಳಿ ಬೀಸಿದರು. ಒಬ್ಬ ನಡುವಿಗೆ ಹಗ್ಗ ಬಿಗಿದು, ಉಸಿರು ಹಿಡಿದು ಇಳಿದು ಅವನನ್ನು ಮೇಲೆ ತರುವ ಹೊತ್ತಿಗೆ ಜೀವ ಹೋಗಿತ್ತು. ಬ್ಯಾಟರಿ ಕೆಳಗೇ ಉಳಿಯಿತು. ಹೆಣದ ಸುತ್ತ ಎಲ್ಲರೂ ಅಳುತ್ತಿರುವಾಗ ನಾನು ಹೋಗಿ ಇಣುಕಿದೆ. ಅದು ಇನ್ನೂ ಹತ್ತಿಯೇ ಇತ್ತು. ದೀಪಕ್ಕೆ ಉಸಿರು ಬೇಕು, ಬ್ಯಾಟರಿಗೆ ಬೇಡ ಎಂಬುದನ್ನು ಮುಂದೆ ಧಾರವಾಡದಲ್ಲಿ ಓದುವಾಗ ಗುರುಗಳೊಬ್ಬರು ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಜಾಡಿ ಮುಚ್ಚಿ ತೋರಿಸಿದರು. ನಾನು ತರಗತಿಯಿಂದ ಎದ್ದು ಹೋದೆ.

ಮರುದಿನ ಬಂದ ಆಯಿ ಅಳಲಿಲ್ಲ. ದೀಪ ಇಳಿಸಿ ನೋಡಿದಿರೇನು ಎಂದಷ್ಟೇ ಕೇಳಿದಳು. ನಾನೇ ಹೇಳಿದೆ: “ಇಳಿಸಿದ್ವಿ, ಆಯಿ. ಆರಲಿಲ್ಲ.”

ಹಗೇವಿಗೆ ಕಲ್ಲುಮಣ್ಣು ತುಂಬಿದರು. ಮನೆಯೂ ಬಿದ್ದಿತು. ಈಗ ಅಲ್ಲಿ ಯಾರದೋ ಜೋಳದ ಕಣಕಿಯ ಬಣವೆ ಇದೆ. ಕಾಕು ತವರಿಗೆ, ಮೇಲವಂಕಿಗೆ ಹೋದಳು. ಓದು ಮುಗಿದ ಮೇಲೆ ಒಮ್ಮೆ ಅವಳನ್ನು ಕಾಣಲು ಹೋಗಿದ್ದೆ. ಬರಿಯ ಹಣೆ, ಒಣಗಿದ ಕೈ. ಒಲೆಯ ಮುಂದೆ ಕುಳಿತು, ನನ್ನ ಮುಖ ನೋಡದೆ, “ಬಟ್ಟಲಾ ನಾ ಕೊಡಬಾರದಿತ್ತು, ತಂಗಿ. ಅದರ ಪಾಪಾನ ಇದು,” ಎಂದಳು. ಅಷ್ಟು ವರ್ಷ ಅವಳು ಇದನ್ನೇ ಹೊತ್ತಿದ್ದಳು. ಪಾಪ ಬಟ್ಟಲಿನದಲ್ಲ, ಬ್ಯಾಟರಿ ಇಳಿಬಿಡು ಎಂದ ಮಾತಿನದು, ಆ ಮಾತು ನನ್ನದು ಎಂದು ಹೇಳಲೆಂದೇ ನಾನು ಹೋಗಿದ್ದೆ. ಆದರೆ ಅವ್ವ ಹೇಳಿದಂತೆ ಅದು ನಾನು ಆಡಿದ ಮಾತೇ ಅಲ್ಲದಿದ್ದರೆ? ಈ ಅನುಮಾನ ನನಗೆ ಆಗ ಬಹಳ ಅನುಕೂಲವಾಗಿತ್ತು. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಮುಂದಿನ ಸಲ ಹೋದದ್ದು ಅವಳ ಮಣ್ಣಿಗೆ. ಆ ದಿನ ಅವಳು ಮಾಡಿಕೊಟ್ಟ ಚಹಾ ಕುಡಿದೆ, ಕಪ್ಪು-ಬಸಿಯನ್ನು ತೊಳೆದಿಟ್ಟೆ, ಬರ್ತೀನಿ ಕಾಕು ಎಂದು ಎದ್ದು ಬಂದೆ.