ಸಿಂಧೂಬಾಯಿ ಮಾಡಿದ ಆಟಿಕೆಗಳು

ಸಿಂಧೂಬಾಯಿ ಮೆಟ್ಟಿಲು ಹತ್ತುತ್ತಿದ್ದಾರೆಂದು ಅವರ ಕೈಚೀಲವೇ ಹೇಳುತ್ತಿತ್ತು. ಖಾಲಿ ಡಬ್ಬಿ, ನೂಲು ಮುಗಿದ ರೀಲು, ಹಳೆಯ ಗೆಜ್ಜೆ, ಗುಂಡಿ, ಹೀಗೆ ಸಿಕ್ಕಿದ್ದನ್ನೆಲ್ಲ ಅದರಲ್ಲಿ ತುಂಬಿಕೊಂಡು ಸದ್ದು ಮಾಡುತ್ತ ಬರುತ್ತಿದ್ದರು. ಎತ್ತರದ ಹೆಂಗಸು; ನಕ್ಕದ್ದು ಅಪರೂಪ. ಧಾರವಾಡದ ಕಡೆಯವರು. ವಡಾಲದ ನಮ್ಮ ಸಾಲುಕೋಣೆಗಳ ಚಾಳಿನಲ್ಲಿ, ಪಕ್ಕದ ಖೋಲಿಯಲ್ಲಿ ಒಬ್ಬರೇ ಇದ್ದರು. ಬಾಲವಾಡಿಯಲ್ಲಿ ಪುಟ್ಟ ಮಕ್ಕಳಿಗೆ ಕಲಿಸುತ್ತಿದ್ದುದರಿಂದ ಇಡೀ ಚಾಳಿಗೆ ಅವರು ‘ಬಾಯಿ’, ಅಂದರೆ ಟೀಚರು.

ಎಪ್ಪತ್ತರ ದಶಕದ ಆರಂಭದ ಮಾತು. ನನ್ನ ತಂಗಿ ಸುಮಳಿಗೆ ಎರಡು ವರ್ಷವಾದರೂ ಕೂರಲು ಬರುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಡಾಕ್ಟರು ಕೈಚೆಲ್ಲಿದ್ದರು. ಅಮ್ಮ ಅವಳನ್ನು ಮಂಚದ ಮೇಲೆ ಮಲಗಿಸಿ ಅಡುಗೆಗೆ ಹೋಗುತ್ತಿದ್ದಳು.

ಒಂದು ದಿನ ಬಾಯಿ ಬಂದು ಸುಮಳ ಮಣಿಕಟ್ಟಿಗೆ ಮೆತ್ತನೆಯ ಬಟ್ಟೆ ಸುತ್ತಿದರು. ಅದಕ್ಕೊಂದು ದಾರ ಕಟ್ಟಿ, ಇನ್ನೊಂದು ತುದಿಯನ್ನು ಮಂಚದ ಮೇಲೆ ತೂಗುಬಿಟ್ಟ ಗೆಜ್ಜೆಗೆ ಬಿಗಿದರು. ಅಮ್ಮನ ಕಣ್ಣಲ್ಲಿ ನೀರು ಬಂತು.

“ಮಗೂನ ಕರು ಥರ ಕಟ್ಟಿಹಾಕ್ತೀರಲ್ಲ ಬಾಯಿ!”

“ಕಟ್ಟಿಹಾಕಿಲ್ರಿ ವೈನಿ. ಅಕಿ ಕೈ ಅಲ್ಲಾಡಿದ್ರ ಗೆಜ್ಜಿ ಸಪ್ಪಳ ಮಾಡತದ. ಇದು ನನ್ನಿಂದ ಆತು ಅಂತ ಅಕಿಗೆ ಒಮ್ಮೆ ತಿಳೀಲಿ.”

ಎಷ್ಟೋ ದಿನ ಗೆಜ್ಜೆ ಸುಮ್ಮನೆ ಸದ್ದು ಮಾಡಿತು; ಸುಮ ಕೇಳಿಸಿಕೊಂಡಂತೆ ಕಾಣಲಿಲ್ಲ. ನಾನು ಮುಟ್ಟಲು ಹೋದರೆ ಬಾಯಿ ತಡೆಯುತ್ತಿದ್ದರು: “ನೀ ಬಾರಿಸಬ್ಯಾಡ. ಅಕಿನ ಬಾರಿಸಬೇಕು.” ಒಂದು ಮಧ್ಯಾಹ್ನ ಗೆಜ್ಜೆ ಸದ್ದಾದಾಗ ಸುಮಳ ಒದ್ದಾಟ ನಿಂತಿತು. ಸದ್ದು ಬಂದ ಕಡೆ ಕಣ್ಣು ಹೊರಳಿಸಿದಳು. ಕೈ ಎಳೆದಳು. ಮತ್ತೆ ಎಳೆದಳು. ಹಿಟ್ಟಿನ ಕೈಯಲ್ಲೇ ಓಡಿಬಂದ ಅಮ್ಮ ಮಂಚದ ಪಕ್ಕ ಕೂತು ಅವಳ ಕೈಯನ್ನೇ ನೋಡಿದಳು. ಬಾಯಿ ಆಗಲೂ ನಗಲಿಲ್ಲ. ಹೊರಗೆ ಗ್ಯಾಲರಿಗೆ ಹೋಗಿ ಗೋಡೆಗೆ ಮುಖಮಾಡಿ ನಿಂತರು.

“ನನ್ನ ಮಗನೂ ಹಿಂಗ ಇದ್ದ ವೈನಿ,” ಎಂದು ಆಮೇಲೆ ಹೇಳಿದರು. “ಮೂಲ್ಯಾಗ ಮಲಗಿಸಿದ್ವಿ. ತಿನಿಸಿದ್ವಿ, ತೊಳದ್ವಿ. ಅವನ ಕೈಯಾಗ ಒಂದು ಚಮಚಾ ಸೈತ ಕೊಡಲಿಲ್ಲ. ಹಂಗ ಹೋಗಿಬಿಟ್ಟ.”

ಆಮೇಲೆ ಆಟಿಕೆಗಳು ಬರುತ್ತಲೇ ಹೋದವು. ಒತ್ತಿದರೆ ಮುಚ್ಚಳ ತೆರೆದು ಗೊಂಬೆ ಏಳುವ ಡಬ್ಬಿ, ನೂಕಿದರೆ ಗಲಗಲ ಎನ್ನುತ್ತ ಉರುಳುವ ರೀಲು. ಸುಮ ಕೂರಲು ಕಲಿತಳು, ಚೆಲ್ಲಿಕೊಂಡಾದರೂ ತಾನೇ ಉಣ್ಣಲು ಕಲಿತಳು. ಅಪ್ಪನಿಗೆ ಆಸೆ ಹುಟ್ಟಿತು. “ನಡೀತಾಳಾ ಬಾಯಿ?”

“ಸುಳ್ಳು ಹೇಳಂಗಿಲ್ರಿ. ನನಗ ಗೊತ್ತಿಲ್ಲ.”

ಅವಳು ನಡೆಯಲಿಲ್ಲ. ಮಾತೂ ಬರಲಿಲ್ಲ. ನೆಲದ ಮೇಲೆ ತೆವಳಿಕೊಂಡು ಬಾಯಿಯ ಹಿಂದೆ ಹಿಂದೆ ಹೋಗುತ್ತಿದ್ದಳು.

ಸುಮಳಿಗೆ ಆರು ತುಂಬುವ ಹೊತ್ತಿಗೆ ಬಾಯಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಆಸ್ಪತ್ರೆ ಸೇರಿದವರು ಅಮ್ಮನ ಹತ್ತಿರ ಕೇಳಿದ್ದು ಒಂದೇ: “ಸುಮಾನ್ನ ಒಮ್ಮೆ ಕರಕೊಂಡ ಬರ್ರಿ.” ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಅಪ್ಪ ಅವಳನ್ನು ಎತ್ತಿಕೊಂಡು ಕೆಳಗೆ ಅಂಗಳದಲ್ಲಿ ನಿಂತರು. ಎರಡನೇ ಮಹಡಿಯ ಕಿಟಕಿಯ ಸರಳು ಹಿಡಿದು ಬಾಯಿ ನಿಂತಿದ್ದರು. ಗುರುತೇ ಸಿಗದಷ್ಟು ಸೊರಗಿದ್ದರು.

“ಮೇಲೆ ನೋಡು ಸುಮಾ, ಬಾಯಿ ನೋಡು!” ಅಮ್ಮ ಅವಳ ಗಲ್ಲ ಎತ್ತಿ ಎತ್ತಿ ತೋರಿಸಿದಳು. ಸುಮ ಪಕ್ಕದಲ್ಲಿ ಹೋಗುತ್ತಿದ್ದ ಕೈಗಾಡಿಯ ಚಕ್ರವನ್ನೇ ನೋಡುತ್ತಿದ್ದಳು. ಬಾಯಿ ಮೇಲಿಂದ ಏನೋ ಕೂಗಿದರು. ರಸ್ತೆಯ ಬಸ್ಸಿನ ಸದ್ದಿನಲ್ಲಿ ಕೇಳಲಿಲ್ಲ. ಚಪ್ಪಾಳೆ ತಟ್ಟಿದರು. ಸುಮ ತಲೆಯೆತ್ತಲಿಲ್ಲ. ನರ್ಸ್ ಬಂದು ತೋಳು ಹಿಡಿದು ಅವರನ್ನು ಒಳಗೆ ಕರೆದೊಯ್ದಳು.

ಅದೇ ವಾರ ಬಾಯಿ ತೀರಿಕೊಂಡರು. ಸುಮಳಿಗೆ ಅದನ್ನು ಹೇಗೆ ತಿಳಿಸುವುದೆಂದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಬಾಲವಾಡಿ ಬಿಟ್ಟು ಬಾಯಿ ಬರುತ್ತಿದ್ದ ಹೊತ್ತಿಗೆ ಅವಳು ತೆವಳಿಕೊಂಡು ಹೋಗಿ ಹೊಸ್ತಿಲ ಬಳಿ ಕೂರುತ್ತಿದ್ದಳು. ಮೊದಮೊದಲು ಅಮ್ಮ ಒಳಗೆ ಎತ್ತಿಕೊಂಡು ಬರುತ್ತಿದ್ದಳು. ಆಮೇಲೆ ಅದನ್ನು ಬಿಟ್ಟು, ಅಕ್ಕಿಯ ಮೊರ ಹಿಡಿದು ತಾನೂ ಅವಳ ಪಕ್ಕದಲ್ಲಿ ಕೂರತೊಡಗಿದಳು.