ಎತ್ತಿನ ಚಿತ್ರಕ್ಕೆ ಹೊಡೆಸಿದ ಕೋಟಿಂಗ್

ನಮ್ಮ ಮನೆಯ ಟಿ.ವಿ. ರಿಮೋಟಿಗೆ ಇವತ್ತಿಗೂ ಪ್ಲಾಸ್ಟಿಕ್ ಕವರು ಇದೆ. ಗುಂಡಿಗಳ ಮೇಲಿನ ಅಂಕಿ ಕಾಣಿಸುವುದಿಲ್ಲ. ಆದರೆ ರಿಮೋಟು ಹೊಸದಾಗಿಯೇ ಇದೆ. ನಾನು ಅಂಥ ಮನುಷ್ಯ. ನಿಮಗೂ ಒಂದು ಕವರು ಹಾಕಿಸಿಕೊಳ್ಳಿ ಎಂದು ಹೆಂಡತಿ ರೇಗಿಸುತ್ತಾಳೆ.

ಬೈರಮಂಗಲದ ದೊಡ್ಡಪ್ಪ ತಮ್ಮ ಎತ್ತು ರಾಮನ ಫೋಟೋ ದೊಡ್ಡದು ಮಾಡಿಸಬೇಕೆಂದಾಗ ಆ ಜವಾಬ್ದಾರಿಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಹೊಲವೆಲ್ಲ ಕಾರ್ಖಾನೆಯ ಕಾಂಪೌಂಡಿನೊಳಗೆ ಸೇರಿಹೋದ ಮೇಲೂ ಆ ಮುದಿ ಎತ್ತನ್ನು ಮಾರದೆ ಸಾಕಿದವರು ಅವರು. ಮಳೆಗಾಲದಲ್ಲಿ ರಾಮ ಸತ್ತಿತ್ತು. ಉಳಿದದ್ದು ಅದೊಂದೇ ಫೋಟೋ, ಅದಕ್ಕೂ ಅಂಚಿನಲ್ಲಿ ಗೆದ್ದಲು ಹತ್ತಿತ್ತು.

ಚನ್ನಪಟ್ಟಣದ ಅನ್ವರ್ ಸಾಬರು ಗೊಂಬೆಗೆ ಅರಗಿನ ಬಣ್ಣ ಹಾಕುವ ಮನೆತನದವರು. ಆಗಷ್ಟೇ ಕ್ಯಾನ್ವಾಸ್ ಬಟ್ಟೆಯ ಮೇಲೆ ಚಿತ್ರ ಪ್ರಿಂಟು ಮಾಡುವ ಅಂಗಡಿ ಇಟ್ಟಿದ್ದರು. ರಾಮನ ಫೋಟೋವನ್ನು ಅವರ ಕೈಲೇ ದೊಡ್ಡದು ಮಾಡಿಸಿದೆ.

"ಇದ್ಕೆ ಗಾಜು ಬ್ಯಾಡ ಸಾರ್, ಮೇಲೆ ವಾರ್ನಿಷ್ ತರದ ಕೋಟಿಂಗ್ ಹೊಡೀತೀನಿ. ನೀರು ಬಿದ್ರೂ ಬಣ್ಣ ಬಿಡಾಕಿಲ್ಲ" ಎಂದರು.

ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದರು. ಬಾಗಿಲು ಮುಚ್ಚಿ, ಸ್ಪ್ರೇ ಗನ್ನಿನಿಂದ ಅಡ್ಡಕ್ಕೊಮ್ಮೆ, ಒಣಗಿದ ಮೇಲೆ ಉದ್ದಕ್ಕೊಮ್ಮೆ ಹೊಡೆದರು. ಸಾಕು ಎಂದರೂ ನಾನು ಬಿಡಲಿಲ್ಲ, ಇನ್ನೊಂದು ಸಲ ಹೊಡೆಸಿದೆ. ರಿಮೋಟಿಗೇ ಅಷ್ಟು ಮಾಡಿದವನು ರಾಮನಿಗೆ ಕಡಿಮೆ ಮಾಡಲಾದೀತೆ?

ಸಂಕ್ರಾಂತಿಯ ಬೆಳಿಗ್ಗೆ ಊರಿಗೆ ಹೋದರೆ, ದೊಡ್ಡಪ್ಪನ ಮನೆಯ ಗೋಡೆಗೆ ನಾನೇ ತೂಗುಹಾಕಿ ಬಂದಿದ್ದ ಚಿತ್ರ ಅಲ್ಲಿಲ್ಲ. ಖಾಲಿ ಕೊಟ್ಟಿಗೆಯ ಮುಂದೆ ಅದನ್ನು ಕಲ್ಲಿಗೆ ಒರಗಿಸಿ ದೊಡ್ಡಪ್ಪ ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದರು! ಹಬ್ಬದ ದಿನ ಎತ್ತಿನ ಮೈ ತೊಳೆಯದೆ ಬಿಡುವುದುಂಟೆ? ನಾನು ತಡೆಯಲು ಓಡಿದೆ. ಆದರೆ ನೀರು ಸುಮ್ಮನೆ ಜಾರಿಹೋಯಿತು, ಬಣ್ಣ ಕದಲಲಿಲ್ಲ. ಮನಸ್ಸಿನಲ್ಲೇ ನನಗೆ ನಾನೇ ಶಹಭಾಸ್ ಹೇಳಿಕೊಂಡೆ.

ಆಮೇಲೆ ಅವರು ಅರಿಶಿನ ಕಲಸಿ ರಾಮನ ಹಣೆಗೆ ಹಚ್ಚಿದರು. ಅದೂ ಹನಿಹನಿಯಾಗಿ ಇಳಿಯಿತು. ಮತ್ತೆ ಹಚ್ಚಿದರು, ಮತ್ತೆ ಇಳಿಯಿತು.

"ಏನ್ಲಾ ಹೊಡ್ಸಿದ್ದೀಯ ಇದ್ಕೆ? ಒಸಿ ಅರಿಸ್ನನೂ ನಿಲ್ಲಾಕಿಲ್ವಲ್ಲ! ನಾ ಮುಟ್ಟಿದ್ದೂ ಗೊತ್ತಾಗಾಕಿಲ್ಲ ಕಣ್ಲಾ ಇದ್ಕೆ."

ಕಾಪಾಡುವ ಉಮೇದಿನಲ್ಲಿ ನಾನು ಅವರನ್ನೇ ಹೊರಗಿಟ್ಟುಬಿಟ್ಟಿದ್ದೆ.

ದೊಡ್ಡಪ್ಪ ಚಿತ್ರವನ್ನು ತಿರುಗಿಸಿದರು. ಹಿಂಬದಿಯಲ್ಲಿ ಕೋಟಿಂಗ್ ಇಲ್ಲ, ಬರಿ ಬಟ್ಟೆ. ಅಂಗೈ ತುಂಬ ಅರಿಶಿನ ತೆಗೆದುಕೊಂಡು, ಮೈದಡವುವಂತೆ ಮೇಲಿಂದ ಕೆಳಕ್ಕೆ ಸವರಿದರು. ಬಟ್ಟೆ ಅದನ್ನು ಹೀರಿಕೊಂಡಿತು.

"ಆ ಕಡೆ ನೋಡೋರ್ಗೆ, ಈ ಕಡೆ ನಂಗೆ" ಎಂದು ಕೈ ಒರೆಸಿಕೊಂಡರು.

ಅದಾದ ಮೇಲೆ ಸಂಕ್ರಾಂತಿಗಳು ಬಂದಿವೆ, ಹೋಗಿವೆ. ಹಿಂಬದಿಯ ಹಳದಿ ಗಾಢವಾಗುತ್ತಲೇ ಇದೆ. ಬಂದವರು ಮುಂದಿನಿಂದ ನೋಡಿ, "ಹೊಸ್ದು ಇದ್ದಂಗೇ ಐತಲ್ಲ!" ಎಂದು ಹೊಗಳುತ್ತಾರೆ. ಹೊಗಳಿಕೆಯೆಲ್ಲ ನನಗೆ, ಎತ್ತು ಮಾತ್ರ ದೊಡ್ಡಪ್ಪನದು.