ಎಡ ಮೇಲೆ, ಬಲ ಒಳಗೆ

ಮೊನ್ನೆ ಬನಶಂಕರಿಯ ಗ್ರಂಧಿಗೆ ಅಂಗಡಿಗೆ ಮೊಮ್ಮಗಳಿಗೆಂದು ಬಜೆ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದದ್ದೇ ತಡ, ಆ ಘಾಟು ಮೂಗಿಗೆ ಬಡಿಯಿತು. ಬಜೆ ಎಂದರೆ ಎಲ್ಲರಿಗೂ ಎಳೆಗೂಸಿನ ನೆನಪು. ನನಗೆ ಮಾತ್ರ ಜಯನಗರದ ಒಂದು ಕಾರ್ ಶೆಡ್ಡು, ಅದರೊಳಗೆ ಹಗ್ಗದ ಮೇಲೆ ತೂಗುತ್ತಿದ್ದ ರಾಜ ರಾಣಿಯರ ಪೋಷಾಕು, ಅವುಗಳ ನಡುವೆ ಕನ್ನಡಕವನ್ನು ಹಣೆಗೇರಿಸಿಕೊಂಡು ಹೊಲಿಯುತ್ತ ಕೂತಿದ್ದ ಡ್ರೆಸ್ ಆಂಟಿ...

ಆ ಹೆಸರಿಟ್ಟವರು ಮಕ್ಕಳು. ಸುತ್ತಮುತ್ತಲ ಶಾಲೆಗಳ ಸ್ಕೂಲ್ ಡೇಗೆ ಬಟ್ಟೆ ಬಾಡಿಗೆಗೆ ಬೇಕೆಂದರೆ ಎಲ್ಲರೂ ಹೋಗುತ್ತಿದ್ದದ್ದು ಅವರ ಶೆಡ್ಡಿಗೇ. ನುಸಿಗುಳಿಗೆ ಹಾಕಿದರೆ ಮಕ್ಕಳು ಸೀನುತ್ತವೆ ಎಂದು ಪೆಟ್ಟಿಗೆಗಳಲ್ಲಿ ಬಜೆ ಬೇರು ಇಡುತ್ತಿದ್ದರು. ಅವರ ಬಟ್ಟೆ ತೊಟ್ಟು ಕೃಷ್ಣನಾದ ಮಗು ಮನೆಗೆ ಬಂದು ಸ್ನಾನ ಮಾಡಿದರೂ ಒಂದು ದಿನ ಬಜೆಯ ವಾಸನೆ ಹೊಡೆಯುತ್ತಿತ್ತು.

ಆ ವರ್ಷ ನನ್ನ ಮಗಳು ಎರಡನೇ ಕ್ಲಾಸು. ಟೈಫಾಯ್ಡ್ ಬಂದು ಹದಿನೈದು ದಿನ ಆಸ್ಪತ್ರೆಯಲ್ಲಿದ್ದು, ಕಡ್ಡಿಯಾಗಿ ಮನೆಗೆ ಬಂದಿದ್ದಳು. ಡಾನ್ಸ್ ಬೇಡ ಎಂದರೆ ಅಳುತ್ತಿದ್ದಳು. ಕೊನೆಗೆ ಟೀಚರ್ ಅವಳನ್ನು ಜಪಾನಿನ ಹುಡುಗಿಯರ ಸಾಲಿಗೆ ಸೇರಿಸಿದರು, ಬರೀ ಬೀಸಣಿಗೆ ಆಡಿಸಿದರೆ ಸಾಕು ಎಂದು.

ಕಿಮೋನೊ ಕೇಳಿಕೊಂಡು ಶೆಡ್ಡಿಗೆ ಹೋದೆ. ಆಂಟಿ ಒಂದು ನೀಲಿ ನಿಲುವಂಗಿ ತೆಗೆದುಕೊಟ್ಟರು. ಹಿಂದಿನ ವಾರ ಪಕ್ಕದ ಮನೆ ಹುಡುಗಿ ಚೀನಾದ ರಾಜಕುಮಾರಿಯಾಗಿ ಹಾಕಿಕೊಂಡಿದ್ದದ್ದೂ ಅದನ್ನೇ! ನನ್ನ ಬಾಯಿ ಸುಮ್ಮನಿರುತ್ತದೆಯೇ? ಒಂದೇ ಬಟ್ಟೆಯಲ್ಲಿ ಎರಡು ದೇಶ ಸುತ್ತಿಸುತ್ತಿದ್ದೀರಲ್ಲ ಎಂದು ಛೇಡಿಸಿದೆ. ಆಂಟಿ ಬೇಜಾರು ಮಾಡಿಕೊಳ್ಳಲಿಲ್ಲ. ನಡುವಿಗೆ ಅಗಲದ ಪಟ್ಟಿ ಬಿಗಿದು, ಇದು ಜಪಾನು ಎಂದರು. ಪಟ್ಟಿ ಬಿಚ್ಚಿ, ಕೆಳಗೊಂದು ಉದ್ದ ಲಂಗ ಸೇರಿಸಿ, ಸಣ್ಣ ಲಾಡಿ ಕಟ್ಟಿ, ಇದು ಹಳೇ ಕಾಲದ ಚೀನಾ ಎಂದರು.

ಅವರಿಗೆ ಇದೆಲ್ಲ ಗೊತ್ತಾದದ್ದು ಮಹಡಿಯ ಬಾಡಿಗೆದಾರರಿಂದ. ರೇಷ್ಮೆ ಕೆಲಸಕ್ಕೆಂದು ಬಂದ ಜಪಾನಿನ ದಂಪತಿ ಒಂದೆರಡು ವರ್ಷ ಅಲ್ಲಿದ್ದರಂತೆ. ಆ ಹೆಂಗಸೂ ಆಂಟಿಯೂ ಅರೆಬರೆ ಇಂಗ್ಲಿಷಿನಲ್ಲಿ, ಉಳಿದದ್ದನ್ನು ಸೂಜಿ ದಾರದಲ್ಲಿ ಮಾತಾಡಿಕೊಂಡರಂತೆ. ಸಾವಿರ ವರ್ಷಕ್ಕೂ ಹಿಂದೆ ಚೀನಾದ ಉಡುಪು ನೋಡಿಯೇ ಜಪಾನಿನವರು ತಮ್ಮದನ್ನು ಹೊಲಿದುಕೊಂಡದ್ದು, ಕಿಮೋನೊ ಬಟ್ಟೆಗೆ ಅಲ್ಲಿ ಇವತ್ತಿಗೂ ಚೀನಾದ ಒಂದು ಹಳೇ ರಾಜ್ಯದ ಹೆಸರೇ ಇರುವುದು... ಆಮೇಲೆ ಚೀನಾಕ್ಕೆ ಬೇರೆ ದೊರೆಗಳು ಬಂದು ಗಂಡಸರ ಉಡುಪನ್ನೇ ಬದಲಾಯಿಸಿದರು, ಹೆಂಗಸರದೂ ನಿಧಾನಕ್ಕೆ ಬದಲಾಯಿತು. ಜಪಾನಿನವರು ಮಾತ್ರ ತೋಳು, ಪಟ್ಟಿ ಎಲ್ಲ ತಮ್ಮ ರೀತಿಗೆ ತಿದ್ದಿಕೊಂಡರೂ ಎದೆಯ ಮೇಲೆ ಅಡ್ಡ ಬರುವ ಆ ಕತ್ತುಪಟ್ಟಿ ಬಿಡಲಿಲ್ಲ.

"ತವರಲ್ಲಿ ಮರೆತಿದ್ದನ್ನ ಪಕ್ಕದ ಮನೆಯವರು ಜೋಪಾನ ಮಾಡಿದ್ರು ನೋಡಮ್ಮ" ಎಂದರು ಆಂಟಿ.

ನಾನು ಅರ್ಧ ಕೇಳಿಸಿಕೊಂಡೆ. ಉಡಿಸುವುದು ಹೇಗೆಂದು ಅವರು ತೋರಿಸಿದ್ದರು, ಅದನ್ನಂತೂ ಕೇಳಿಸಿಕೊಳ್ಳಲೇ ಇಲ್ಲ. ಮಗಳನ್ನು ಮನೆಯಲ್ಲೇ ತಯಾರು ಮಾಡಿದೆ. ಹೆಂಗಸರ ಶರ್ಟಿನಲ್ಲಿ ಇರುವಂತೆ ಬಲಗಡೆಯ ಅಂಚನ್ನು ಮೇಲೆ ತಂದು, ಪಟ್ಟಿ ಬಿಗಿದು, ಪಿನ್ನು ಚುಚ್ಚಿ ಕರೆದುಕೊಂಡು ಹೋದೆ.

ಆಂಟಿ ಪ್ರತಿ ಸ್ಕೂಲ್ ಡೇಗೂ ಸೂಜಿ ದಾರ ಹಿಡಿದು ಪರದೆಯ ಹಿಂದೆ ಕೂರುತ್ತಿದ್ದರು. ನನ್ನ ಮಗಳನ್ನು ನೋಡಿದವರೇ ಎದ್ದು ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ಒಂದು ಮಾತೂ ಆಡದೆ ಪಿನ್ನು ಕಿತ್ತು, ಪಟ್ಟಿ ಬಿಚ್ಚಿ, ಇಡೀ ಅಂಗಿಯನ್ನು ಸಡಿಲಿಸಿದರು. ಅಷ್ಟರಲ್ಲಿ ಹಾಡು ಶುರುವಾಯಿತು. ಉಳಿದ ಮಕ್ಕಳು ಸ್ಟೇಜಿಗೆ ಹೋದರು. ನನ್ನ ಮಗಳು ಅಳುಮೋರೆ ಮಾಡಿಕೊಂಡು ನಿಂತಿದ್ದಳು, ಆಂಟಿ ಅಂಚುಗಳನ್ನು ಅದಲುಬದಲು ಮಾಡಿ ಮತ್ತೆ ಪಟ್ಟಿ ಸುತ್ತುತ್ತಿದ್ದರು. ಅವಳು ಓಡಿಹೋಗುವ ಹೊತ್ತಿಗೆ ಅರ್ಧ ಹಾಡು ಮುಗಿದಿತ್ತು, ಸಾಲಿನ ತುದಿಯಲ್ಲಿ ಎಲ್ಲೋ ನಿಂತು ಬೀಸಣಿಗೆ ಆಡಿಸಿದಳು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮಗಳು ಕೆಳಗಿಳಿದು ಬಂದು ನನ್ನ ಸೆರಗು ಹಿಡಿದಿದ್ದಳು. ಹತ್ತು ಜನ ತಾಯಂದಿರ ಎದುರಿಗೇ ಅಂದುಬಿಟ್ಟೆ: "ನೀವು ಬಾಡಿಗೆ ಬಟ್ಟೆ ಕೊಟ್ಟಿರೋದು ಅಷ್ಟೇ ಆಂಟಿ. ಇನ್ಮೇಲೆ ನನ್ನ ಮಗಳನ್ನ ಮುಟ್ಟಬೇಡಿ."

ಆಂಟಿ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ಏನೋ ಹೇಳಲು ಹೋಗಿ ಸುಮ್ಮನಾದರು.

ಮಾರನೇ ದಿನ ಬಟ್ಟೆ ವಾಪಸು ಕೊಡಲು ಯಜಮಾನರನ್ನು ಕಳಿಸಿದೆ. ಅವರು ಬಂದು, ಮಗಳು ಹೊರಗೆ ಆಡಲು ಹೋಗುವವರೆಗೂ ಕಾದು, ಮೆಲ್ಲಗೆ ಹೇಳಿದರು. ಚೀನಾದಲ್ಲಾಗಲಿ ಜಪಾನಿನಲ್ಲಾಗಲಿ ಬದುಕಿರುವವರು ಉಡುವುದು ಎಡ ಮೇಲೆ, ಬಲ ಒಳಗೆ. ಬಲ ಮೇಲೆ ಬಂದರೆ ಅದು ಹೋದವರಿಗೆ ಉಡಿಸುವ ರೀತಿ. ನಮ್ಮಲ್ಲಿ ತಿಥಿ ದಿನ ಜನಿವಾರ ಬಲಕ್ಕೆ ಬರುತ್ತದಲ್ಲ, ಹಾಗೆ. "ಕಾಯಿಲೆಯಿಂದ ಎದ್ದಿರೋ ಮಗು, ಅದರ ಮುಂದೆ ಈ ಮಾತು ಹೇಗೆ ಆಡೋದು ಅಂತ ಆಂಟಿ ಸುಮ್ಮನಾದರಂತೆ ಕಣೇ" ಎಂದರು.

ನನಗೆ ನಾಚಿಕೆಯಾಯಿತು. ಆದರೆ ಹೋಗಿ ತಪ್ಪಾಯಿತು ಎನ್ನಲಿಲ್ಲ. ಇವತ್ತು ನಾಳೆ ಎಂದುಕೊಂಡೇ, ಆ ರಸ್ತೆ ಬಿಟ್ಟು ಹಿಂದಿನ ರಸ್ತೆಯಲ್ಲಿ ತರಕಾರಿಗೆ ಹೋಗಲು ಶುರುಮಾಡಿದೆ. ಆಮೇಲೆ ನಾವು ಇಟ್ಟಮಡುವಿಗೆ ಮನೆ ಬದಲಾಯಿಸಿದೆವು. ಜಯನಗರ ಎಷ್ಟು ದೂರ? ಆಟೋದಲ್ಲಿ ಅರ್ಧ ಗಂಟೆ ಇಲ್ಲ. ಆ ಅರ್ಧ ಗಂಟೆ ಹೋಗಲು ನನಗೆ ಇಪ್ಪತ್ತು ವರ್ಷಕ್ಕೂ ಮೇಲಾಯಿತು.

ಹೋದ ವರ್ಷ ಮಗಳು ಬಸುರಿ ಎಂದು ಗೊತ್ತಾದಾಗ ಹೊರಟೆ. ಕೂಸಿಗೆ ಬಟ್ಟೆ ಹೊಲಿದುಕೊಡಿ ಎಂದು ಕೇಳುವ ನೆಪದಲ್ಲಿ ತಪ್ಪಾಯಿತು ಎಂಬ ಮಾತನ್ನೂ ಆಡಿಬಿಡಬೇಕೆಂದಿದ್ದೆ. ಶೆಡ್ಡಿನಲ್ಲಿ ಕೇಕ್ ಅಂಗಡಿ ಇತ್ತು. ಡ್ರೆಸ್ ಆಂಟಿ ತೀರಿಹೋಗಿ ಎರಡು ವರ್ಷವಾಯಿತು ಎಂದು ಎದುರು ಮನೆಯವರು ಹೇಳಿದರು. ಪೆಟ್ಟಿಗೆಗಳೇನಾದವು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ.

ಈಗ ಮೊಬೈಲಿನಲ್ಲಿ ನೋಡುತ್ತಿರುತ್ತೇನೆ, ಚೀನಾದ ಹುಡುಗಿಯರು ಮತ್ತೆ ಆ ಹಳೇ ಉಡುಪು ತೊಟ್ಟು ಓಡಾಡುತ್ತಾರೆ. ಕೆಳಗೆ ಯಾರೋ ಇದು ಕಿಮೋನೊ ತಾನೇ ಎಂದು ಕೇಳಿ ಬೈಸಿಕೊಂಡಿರುತ್ತಾರೆ. ಆಂಟಿ ಇದ್ದಿದ್ದರೆ ಕೂರಿಸಿಕೊಂಡು ತೋರಿಸುತ್ತಿದ್ದೆ... ಆ ಹುಡುಗಿಯರ ಕತ್ತುಪಟ್ಟಿಯನ್ನು ಮೊದಲು ನೋಡುತ್ತೇನೆ. ಎಲ್ಲ ಎಡ ಮೇಲೆ.

ಕೂಸಿನ ಅಂಗಿಗಳನ್ನು ನಾನೇ ಹೊಲಿದೆ, ಹಳೇ ಪಂಚೆಯಲ್ಲಿ, ಎದೆಯ ಮೇಲೆ ಅಡ್ಡ ಬಂದು ಪಕ್ಕದಲ್ಲಿ ಲಾಡಿ ಕಟ್ಟುವಂಥವು. ಇವತ್ತು ಬೆಳಿಗ್ಗೆ ನೀರು ಹಾಕಿ, ತೇಯ್ದ ಬಜೆ ನೆಕ್ಕಿಸಿ, ಸಾಂಬ್ರಾಣಿ ಹಿಡಿದು ಮಗಳ ಕೈಗೆ ಕೊಟ್ಟೆ. ಅವಳು ಅಂಗಿ ತೊಡಿಸಿ ಲಾಡಿ ಬಿಗಿದು ಮಲಗಿಸಿದಳು. ಬಲಗಡೆಯದು ಮೇಲಿತ್ತು. ನನ್ನ ಕೈ ತಾನೇ ಮುಂದೆ ಹೋಗಿ ಲಾಡಿ ಬಿಚ್ಚಿತು. ಎಡದ ಅಂಚು ಮೇಲೆ ತಂದು ಮತ್ತೆ ಕಟ್ಟುವಷ್ಟರಲ್ಲಿ ಕೂಸು ಎದ್ದು ಕಿರುಚಿತು.

"ಈಗಷ್ಟೇ ನಿದ್ದೆ ಹತ್ತಿತ್ತು ಅಮ್ಮ. ಸರಿಯಾಗೇ ಕಟ್ಟಿದ್ದೆ, ಸುಮ್ನೆ ಯಾಕೆ ಮುಟ್ಟೋಕ್ ಹೋಗ್ತೀಯಾ?" ಮಗಳು ರೇಗಿದಳು. ಅವಳಿಗೂ ನನ್ನದೇ ಮೂಗು.

ಹೇಳೋಣವೆಂದು ಬಾಯಿ ತೆರೆದೆ. ಕೂಸು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ಅದರ ಮುಂದೆ ಆ ಮಾತು ಹೇಗೆ ಆಡುವುದು... ಬೈಸಿಕೊಂಡು ಸುಮ್ಮನಾದೆ.